ಕುರ್ಚಿ ಈಗ ಕಿಟಕಿ ಹತ್ತಿರ

ಪರದೆಯ ಮೇಲೆ ಸಾಲುಗಳು ದಡಬಡನೆ ಇಳಿಯುತ್ತಿವೆ, ಈಗಷ್ಟೇ ಎದ್ದ ಕರ್ನಲ್, ಯಂತ್ರ ನಡೆಸುವ ಸಾಫ್ಟ್‌ವೇರಿನ ತಿರುಳು, ತನ್ನ ಸುತ್ತಮುತ್ತ ತಡವಿ ನೋಡುತ್ತಿದೆ, ಪಾಪ, ಅದಕ್ಕೆ ಕಣ್ಣಿಲ್ಲ — ಕಣ್ಣಿಲ್ಲದವರ ಜೊತೆ ಏಗುವುದು ಅವಳಿಗೇನು ಹೊಸದೇ, ಬಾಲ್ಯವೆಲ್ಲ ಅಜ್ಜಿಯ ಕಣ್ಣಾಗಿ ಕಳೆದವಳು, ಏನೇನು ಎಲ್ಲೆಲ್ಲಿದೆ ಹೇಳೇ, ಬಲಕ್ಕೆ ಮೇಜು ಅಜ್ಜಿ, ಅದರ ಪಕ್ಕ ಕುರ್ಚಿ, ಇಲ್ಲದ್ದನ್ನ ಇದೆ ಅನ್ಬೇಡ ಕಣೇ, ನಿನ್ನ ಮಾತು ನಂಬ್ಕೊಂಡು ಕೂತ್ಕೊಳ್ಳೋಳು ನಾನು. ಕರ್ನಲ್ಲೂ ಹಾಗೇ, ಬೋರ್ಡಿನ ಮೇಲೆ ಯಾವ ಚಿಪ್ ಎಲ್ಲಿದೆ ಎಂದು ಡಿವೈಸ್ ಟ್ರೀ ಎಂಬ ಫೈಲಿನಲ್ಲಿ ಬರೆದುಕೊಟ್ಟರೆ ನೇರ ಅಲ್ಲಿಗೇ ಹೋಗಿ ಕದ ತಟ್ಟುತ್ತದೆ, ಬರೆಯದಿದ್ದರೆ ಮೂಗಿನ ಕೆಳಗಿದ್ದರೂ ಗೊತ್ತಾಗದು. ಎಳೆಗೂಸುಗಳನ್ನು ಬೆಚ್ಚಗಿಡುವ ಪೆಟ್ಟಿಗೆಯ ಬೋರ್ಡು ಇದು, ಶಾಖ ಅಳೆಯುವ ಸೆನ್ಸರ್ ಸಿಗದಿದ್ದರೆ ಅದು ಬರೀ ಪೆಟ್ಟಿಗೆ, ಬೆಳಗ್ಗೆಯಿಂದ ಒಂದು ಬೋರ್ಡಿನಲ್ಲೂ ಸಿಕ್ಕಿರಲಿಲ್ಲ, ಸೆನ್ಸರ್‌ಗಳೇ ಸತ್ತಿವೆ ಕಣಮ್ಮ, ಅಷ್ಟೂ ಬೋರ್ಡು ಗುಜರಿಗೆ ಹಾಕೋಣ, ಅಂದುಬಿಟ್ಟರು ಮ್ಯಾನೇಜರ್, ಇವಳು ಬಿಟ್ಟಾಳೆಯೇ, ಸಾರ್ ಸಂಜೆವರೆಗೆ ಟೈಮ್ ಕೊಡಿ, ಕರ್ನಲ್‌ಗೆ ನಾವು ಹೇಳಿರೋದೇ ತಪ್ಪಿರ್ಬೇಕು — ಹಟಮಾರಿ, ಅಮ್ಮನ ಪ್ರಕಾರ ಹುಟ್ಟಿನಿಂದಲೇ.

ಭೂತಗನ್ನಡಿ ಹಿಡಿದು ತಾಮ್ರದ ಗೆರೆಗಳ ಬೆನ್ನು ಹತ್ತಿದ್ದಳು, ಆಗ ಆ ಕೈ ಕಣ್ಣಿಗೆ ಕಟ್ಟಿತ್ತು, ಕಸ ಗುಡಿಸುವಾಗ ಚಿಕ್ಕಮ್ಮ ಕುರ್ಚಿಯನ್ನು ಕಿಟಕಿಯತ್ತ ತಳ್ಳಿ ಮರೆತ ದಿನ, ಗಾಳಿಯಲ್ಲಿ ಅಜ್ಜಿಯ ಕೈ, ಅಗಲಿಸಿದ ಬೆರಳುಗಳು, ಎಲ್ಲಿ ಹೋಯ್ತೇ, ಮುರಿದದ್ದಲ್ಲ, ಕಳೆದದ್ದಲ್ಲ, ಬರೀ ಜಾಗ ಬದಲಾದದ್ದು — ಅಯ್ಯೋ, ಅಷ್ಟೇ! ಹೊಸ ಬೋರ್ಡಿನಲ್ಲಿ ಸೆನ್ಸರನ್ನು ಮೊದಲ ಜೋಡಿ ತಂತಿಯಿಂದ ಎರಡನೆಯದಕ್ಕೆ ಸರಿಸಿದ್ದಾರೆ, ಫೈಲ್ ಮಾತ್ರ ಹಳೆ ಬೋರ್ಡಿನದು, ಹಿಂದುಮುಂದು ನೋಡದೆ ನಕಲು ಮಾಡಿಟ್ಟವರು ಇದೇ ಮ್ಯಾನೇಜರ್ ಸಾಹೇಬರು, ಎಲ್ಲಾ ಒಂದೇ ಬಿಡಮ್ಮ ಅಂತ, ಕರ್ನಲ್ ಖಾಲಿ ಮನೆಯ ಕದ ತಟ್ಟಿ ತಟ್ಟಿ ವಾಪಸ್ಸು ಬಂದಿದೆ, ಫೈಲಿನ ನಾಲ್ಕಾರು ಸಾಲು ಎತ್ತಿ ಎರಡನೇ ಜೋಡಿಯ ಕೆಳಗಿಟ್ಟಳು, ಮುಗಿಯಿತು. ಬೆನ್ನ ಹಿಂದೆ ಮ್ಯಾನೇಜರ್, ಸಿಕ್ತಾ, ಇರಿ ಸಾರ್, ಸಾಲುಗಳು ಇಳಿಯುತ್ತಿವೆ, ಅದೋ ಸೆನ್ಸರ್, ಸಿಕ್ಕಿತು! ಅವಳು ಹೆಬ್ಬೆರಳನ್ನು ಅದರ ಮೇಲೊತ್ತುತ್ತಾಳೆ, ಪರದೆಯಲ್ಲಿ ಅಂಕಿ ಏರುತ್ತದೆ, ಅವಳದೇ ಮೈಬಿಸಿ, ಅರೆ, ಬದುಕೇ ಇತ್ತಾ ಇದು, ಇತ್ತು ಸಾರ್, ನಾವು ಎಲ್ಲಿದೆ ಅಂತ ಸರಿಯಾಗಿ ಹೇಳಿರ್ಲಿಲ್ಲ, ಭೇಷ್ ಕಣಮ್ಮ ಎನ್ನುತ್ತಾರೆ, ಆ ಭೇಷ್ ಯಾರಿಗೆ ಬೇಕು, ಅವಳ ಎದೆ ಆಗಲೇ ಉಬ್ಬಿದೆ, ಒಂದು ಬೋರ್ಡೂ ಗುಜರಿಗೆ ಹೋಗುವುದಿಲ್ಲ, ಕೂಸುಗಳು ಬೆಚ್ಚಗಿರುತ್ತವೆ, ಹೇಳಿದ್ದು ನಾನು, ಇದ್ದದ್ದನ್ನು ಇದ್ದಲ್ಲೇ ಹೇಳಿದ್ದು ನಾನು, ಕುರ್ಚಿ ಈಗ ಕಿಟಕಿ ಹತ್ತಿರ ಅಜ್ಜಿ, ಇನ್ನೊಂಚೂರು ಮುಂದೆ, ಹ್ಞಾಂ ಅಲ್ಲೇ — ಗಾಳಿಯಲ್ಲಿ ಆ ಕೈ, ಅಗಲಿಸಿದ ಬೆರಳುಗಳು, ಕುರ್ಚಿಯ ಬೆನ್ನು ತಾಕಿ ಮೆಲ್ಲಗೆ ಮಡಚಿಕೊಂಡ ಬೆರಳುಗಳು