ತೊಟ್ಟಿಲ ಕೊಂಡಿ

ಚನ್ನಬಸಪ್ಪ ಏಣಿಯ ಮೇಲೆ ನಿಂತು, ಸೀಲಿಂಗನ್ನು ಬೆರಳಿನಿಂದ ತಟ್ಟಿ ತಟ್ಟಿ ಕಿವಿಗೊಡುತ್ತಿದ್ದ. ಒಳಗೆ ತೊಲೆ ಎಲ್ಲಿದೆಯೆಂದು ಸದ್ದೇ ಹೇಳುತ್ತದೆ ಎಂಬುದು ಅವನ ನಂಬಿಕೆ. ಪರದೇಶದ ಹೆಂಡರ್ಸನ್ ಬಡಾವಣೆಯಲ್ಲಿನ ಈ ಮನೆ ಎಪ್ಪತ್ತರ ದಶಕದ್ದು. ಆ ಕಾಲದ ಫ್ಯಾಷನ್ನಿನಂತೆ ಸೀಲಿಂಗಿನ ತುಂಬ ಬಿಳಿ ಗುಳ್ಳೆಗಳು. ಇಲ್ಲಿನವರು ಅದಕ್ಕೆ ಪಾಪ್‌ಕಾರ್ನ್ ಸೀಲಿಂಗ್ ಎನ್ನುತ್ತಾರೆ. ಚನ್ನಬಸಪ್ಪನ ಕಣ್ಣಿಗೋ, ಯಾರೋ ಅಂಟು ಬಳಿದು ಚುರುಮುರಿ ಎರಚಿದ ಹಾಗೆ ಕಾಣುತ್ತಿತ್ತು.

ಏಣಿಯ ಪಕ್ಕದಲ್ಲೇ ಕಲಘಟಗಿಯ ಬಣ್ಣದ ತೊಟ್ಟಿಲು. ಅವನು ಮಲಗಿದ್ದು ಅದರಲ್ಲಿ, ಮಗಳು ಚೈತನ್ಯಾ ಮಲಗಿದ್ದೂ ಅದರಲ್ಲೇ. ಬಿಡಿಬಿಡಿಯಾಗಿ ಬಿಚ್ಚಿಸಿಕೊಂಡು ಹಡಗಿನಲ್ಲಿ ಬಂದು ಸೇರಿದ ತೊಟ್ಟಿಲು ಅದು. ಈಗ ಚೈತನ್ಯಾ ಚೊಚ್ಚಲ ಹೆರಿಗೆಗೆಂದು ಅಂದೇ ಸಂಜೆ ತವರಿಗೆ ಬರುವವಳಿದ್ದಳು. ಕೂಸು ಹುಟ್ಟುವ ಮೊದಲು ತೊಟ್ಟಿಲು ಕಟ್ಟಬಾರದು, ಒಪ್ಪೋಣ. ಕೊಂಡಿಯಾದರೂ ಸಿದ್ಧವಿರಬೇಡವೇ? ಗೆಳೆಯ ಹಾರೂನನ ಡ್ರಿಲ್ ಎರವಲು ತಂದಿದ್ದ. ಮೊದಲು ತೂತು, ಆಮೇಲೆ ಬಾಣಂತಿಯ ಕೋಣೆಗೆ ಲಕ್ಷಣವಾಗಿರಲೆಂದು ಗುಳ್ಳೆಗಳನ್ನೆಲ್ಲ ಕೆರೆದು, ಬಿಳಿ ಬಣ್ಣ ಹೊಡೆಯುವುದು ಎಂದು ಯೋಚಿಸಿದ್ದ. ಊರಲ್ಲಿ ಹಬ್ಬ ಬಂತೆಂದರೆ ಹಳೆಯ ಸುಣ್ಣ ಕೆರೆಯುತ್ತಿದ್ದವನಿಗೆ ಇದೊಂದು ಲೆಕ್ಕವೇ?

ಡ್ರಿಲ್ ಗುರ್ರೆಂದಿತು. ಬಿಳಿ ಪುಡಿ ಅವನ ತಲೆ, ಮೀಸೆ, ಹೆಗಲ ಮೇಲೆಲ್ಲ ಉದುರಿತು. ತೊಟ್ಟಿಲೊಳಗೂ ಬಿತ್ತು.

ಅಷ್ಟರಲ್ಲಿ ಡ್ಯೂಟಿ ಮುಗಿಸಿದ ಹೆಂಡತಿ ಲೀಲಾವತಿ ಬಂದು ಬಾಗಿಲಲ್ಲೇ ನಿಂತುಬಿಟ್ಟಳು. ಹುಬ್ಬಳ್ಳಿಯಲ್ಲಿ ನರ್ಸಿಂಗ್ ಕಲಿತವಳು, ಇಲ್ಲಿ ಶ್ವಾಸಕೋಶದ ವಾರ್ಡಿನಲ್ಲಿ ಕೆಲಸ.

"ಏನ್ ಮಾಡಾಕತ್ತೀರಿ? ಇಳೀರಿ ಮೊದಲ! ಹಳೇ ಸೀಲಿಂಗಿನಾಗ ಆಸ್ಬೆಸ್ಟಾಸ್ ಇರತೈತಿ ಅಂತ ಎಷ್ಟ ಸಲ ಹೇಳೀನಿ? ಟೆಸ್ಟ್ ಮಾಡಿಸದ ಮುಟ್ಟಬಾರದು."

"ಏನೂ ಆಗಂಗಿಲ್ಲ ಬಿಡು. ನಮ್ಮೂರಾಗ ಅರ್ಧ ಮಂದಿ ಆಸ್ಬೆಸ್ಟಾಸ್ ಶೀಟಿನ ಕೆಳಗ ಹುಟ್ಟಿ, ಅಲ್ಲೇ ಮುದುಕರಾಗ್ಯಾರ."

"ಮ್ಯಾಲ ಸುಮ್ಮನ ಇದ್ರ ಅದರ ಪಾಡಿಗೆ ಅದು ಇರತೈತ್ರಿ. ಕೊರದು, ಕೆರದು ಪುಡಿ ಎಬ್ಬಿಸಿದ್ರ ಆ ಪುಡಿ ಎದಿಯೊಳಗ ಹೋಗಿ ಕುಂಡ್ರತೈತಿ. ನಮ್ಮ ವಾರ್ಡಿನಾಗ ಒಬ್ಬ ಅಜ್ಜ ಅದಾನ. ಹರೇದಾಗ ಇಂಥಾವ ಸೀಲಿಂಗ್ ಕೆರದಾಂವ. ಆವಾಗ ಅವಗೂ ಏನೂ ಆಗಿರಲಿಲ್ಲ. ಈಗ ಬಾಗಿಲತನಾ ನಡದ್ರ ಸಾಕು, ಉಸಿರು ಸಾಲವಲ್ತು."

"ಕೂಸಿಗೆ ತೊಟ್ಟಿಲಾ ಕಟ್ಟಬಾರದೇನು ಹಂಗಾರ? ನಾನೇನ್ ನನಗಂತ ಮಾಡಾಕತ್ತೀನಿ?" ಚನ್ನಬಸಪ್ಪನಿಗೆ ನಿಜಕ್ಕೂ ನೋವಾಗಿತ್ತು.

"ಕೂಸಿನ ಸಲುವಾಗೇ ಹೇಳಾಕತ್ತೀನಿ," ಎಂದಳು ಲೀಲಾವತಿ.

ಅವನು ಕಸಬರಿಗೆಗೆ ಕೈಹಾಕಿದಾಗ ಅವಳು ಅದಕ್ಕೂ ಬಿಡಲಿಲ್ಲ. ಗುಡಿಸಿದರೆ ಪುಡಿ ಇನ್ನಷ್ಟು ಏಳುತ್ತದೆ ಎಂದಳು. ಬಟ್ಟೆ ಬಿಚ್ಚಿಸಿ ಚೀಲದಲ್ಲಿ ಕಟ್ಟಿಟ್ಟಳು, ಗಂಡನನ್ನು ಸ್ನಾನಕ್ಕೆ ಅಟ್ಟಿದಳು, ಕೋಣೆಯ ಬಾಗಿಲ ಸಂದಿಗೆಲ್ಲ ಟೇಪ್ ಹಚ್ಚಿದಳು. ತೊಟ್ಟಿಲು ಒಳಗೇ ಉಳಿಯಿತು. ಒಂದು ತೂತಿಗೆ ಇಷ್ಟೊಂದು ರಾದ್ಧಾಂತವೇ ಎಂದು ಚನ್ನಬಸಪ್ಪ ಮುಖ ಊದಿಸಿಕೊಂಡು ಕೂತ.

ಸಂಜೆ ಚೈತನ್ಯಾ ಬಂದಳು. "ಅಪ್ಪಾ, ಕ್ಯಾನ್ ಐ ಸೀ ದ ತೊಟ್ಟಿಲು?" ಎನ್ನುತ್ತ ನೇರವಾಗಿ ಆ ಬಾಗಿಲಿಗೇ ಕೈಯಿಟ್ಟು, ಟೇಪ್ ಕೀಳಲು ಹೋದಳು.

"ಬ್ಯಾಡ!"

ಕೂಗಿದವನು ಚನ್ನಬಸಪ್ಪನೇ. ಮಗಳ ಮೇಲೆ ಅವನು ದನಿ ಏರಿಸಿದ್ದು ಅದೇ ಮೊದಲು. ಏನೂ ಆಗುವುದಿಲ್ಲ ಎಂದು ಹೆಂಡತಿಗೆ ಹೇಳಿದ ನಾಲಿಗೆ, ತುಂಬು ಬಸುರಿ ಮಗಳೆದುರು ಆ ಮಾತು ಆಡಲೊಲ್ಲದಾಯಿತು. ನಡೆದದ್ದನ್ನೆಲ್ಲ ತಲೆ ತಗ್ಗಿಸಿಕೊಂಡು ಹೇಳಿದ. ಬೈಯುತ್ತಾಳೆಂದುಕೊಂಡಿದ್ದ.

"ಬಟ್ ಅಪ್ಪಾ, ಯು ಬ್ರೀದ್ಡ್ ಇಟ್ ಇನ್!" ಪುಡಿ ಅಪ್ಪನ ಉಸಿರಿನೊಳಗೇ ಹೋಯಿತಲ್ಲ ಎಂದು ಅವಳು ಅವನ ಕೈ ಹಿಡಿದುಕೊಂಡಳು. ಚನ್ನಬಸಪ್ಪನ ಕಣ್ಣು ತುಂಬಿ ಬಂತು.

ಪರೀಕ್ಷೆಯವರು ಬಂದು ಸೀಲಿಂಗಿನ ಒಂದು ಚೂರು ತೆಗೆದುಕೊಂಡು ಹೋದರು. ಫಲಿತಾಂಶ ಬರುವವರೆಗೆ ಅವನಿಗೆ ಅನ್ನ ಸೇರಲಿಲ್ಲ. ಬಂದ ಉತ್ತರ ಲೀಲಾವತಿ ಹೆದರಿದ್ದೇ ಆಗಿತ್ತು: ಸೀಲಿಂಗಿನಲ್ಲಿ ಆಸ್ಬೆಸ್ಟಾಸ್ ಇತ್ತು. ಒಂದು ತೂತಿನಿಂದ ಆಗುವ ಅಪಾಯ ತೀರ ಕಡಿಮೆ, ಗಾಬರಿ ಬೇಡ ಎಂದು ಪರೀಕ್ಷೆಯವರು ಸಮಾಧಾನ ಹೇಳಿದರು. ಪೂರ್ತಿ ಕೆರೆದಿದ್ದರೆ ಮಾತು ಬೇರೆಯಾಗುತ್ತಿತ್ತು ಎಂದೂ ಹೇಳಿದರು. ತರಬೇತಿ ಪಡೆದವರು ಮುಖಗವಸು ತೊಟ್ಟು ಬಂದು ಕೋಣೆಯನ್ನೂ ತೊಟ್ಟಿಲನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ, ತೂತು ಮುಚ್ಚಿ ಹೋದರು. ಉಳಿದ ಗುಳ್ಳೆಗಳು ಇದ್ದಲ್ಲೇ ಉಳಿದವು.

ಚನ್ನಬಸಪ್ಪ ಪೆನ್‌ರೋಸ್ ಬಡಾವಣೆಯ ಗೋದಾಮಿನಲ್ಲಿ ಕೆಲಸ ಮಾಡುವವನು. ಅಲ್ಲಿ ಕೇಳಿಕೊಂಡು ಗಟ್ಟಿ ಮರದ ತುಂಡುಗಳನ್ನು ತಂದು, ನೆಲದ ಮೇಲೇ ನಿಲ್ಲುವ ಚೌಕಟ್ಟು ಮಾಡಿದ. ಹಿಡಿದು ಜಗ್ಗಿ ನೋಡಿದ, ತಾನೇ ಜೋತುಬಿದ್ದೂ ನೋಡಿದ. ನಾಮಕರಣದ ದಿನ ತೊಟ್ಟಿಲು ಅದಕ್ಕೇ ತೂಗಿತು. ಒಳಗೆ ಮೊಮ್ಮಗಳು ಮುಷ್ಟಿ ಬಿಗಿದು ನಿದ್ದೆಹೋದಳು. ಸೋಬಾನೆ ಹಾಡುವವರ ನಡುವೆ ಚನ್ನಬಸಪ್ಪ ಮಾತ್ರ ಮತ್ತೆ ಮತ್ತೆ ತಲೆಯೆತ್ತಿ ಮೇಲೆ ನೋಡುತ್ತಿದ್ದ.

ಮೊಮ್ಮಗಳು ತೊಟ್ಟಿಲು ಮೀರಿ ಬೆಳೆದ ಮೇಲೆ, ಸ್ಯಾಂಡ್ರಿಂಗಮ್ ಬಡಾವಣೆಯಿಂದ ಹಾರೂನ್ ತನ್ನ ಯೂಟ್, ಹಿಂದೆ ಸಾಮಾನು ಹೇರುವ ಗಾಡಿ, ತಂದ. ಅವನ ಮಗಳು ರುಮೈಸಾ ಹೆರಿಗೆಗೆ ಬಂದಿದ್ದಳು, ತೊಟ್ಟಿಲು ಇನ್ನು ಅವಳ ಕೂಸಿಗೆ. ಎರವಲು ಕೊಟ್ಟ ಡ್ರಿಲ್ ಕೂಡ ಇಲ್ಲೇ ಉಳಿದಿತ್ತು.

"ಅಣ್ಣಾರ, ಸ್ಟ್ಯಾಂಡ್ ಬ್ಯಾಡ್ರಿ," ಎಂದ ಹಾರೂನ್. "ನಮ್ಮ ರೂಮು ಸಣ್ಣದು. ಸೀಲಿಂಗಿಗೆ ಕೊಂಡಿ ಹೊಡೀತೀನಿ."

"ನಿಮ್ಮದೂ ಗುಳ್ಳಿ ಸೀಲಿಂಗ್ ಅಲ್ಲೇನು? ಟೆಸ್ಟ್ ಮಾಡ್ಸಿಯೇನು?"

"ನಮ್ಮದು ಸಣ್ಣ ಗುಳ್ಳಿರಿ, ನಿಮ್ಮಂಗಲ್ಲ. ಎರಡ ತೂತಿಗೆ ಏನೂ ಆಗಂಗಿಲ್ಲ."

ಆ ಮಾತಿನ ಗುರುತು ಚನ್ನಬಸಪ್ಪನಿಗೆ ಹತ್ತಿತು. ತನ್ನದೇ ಮಾತು, ತನ್ನದೇ ರಾಗ. ವಾದ ಮಾಡಲಿಲ್ಲ. ಡ್ರಿಲ್ ಎತ್ತಿಕೊಂಡು ಬ್ಯಾಟರಿ ಕಳಚಿ ಅಂಗಿಯ ಜೇಬಿಗೆ ಹಾಕಿದ. ಬರಿ ಡ್ರಿಲ್ಲನ್ನು ಹಾರೂನನ ಕೈಗಿಟ್ಟ.

"ಇದೇನ್ರಿ?"

"ಟೆಸ್ಟ್ ಮಾಡಿಸಿ ಬಾ, ಬ್ಯಾಟರಿ ಕೊಡತೀನಿ. ಅಲ್ಲಿತನಾ ಜಾಗಾ ಸಾಲದಿದ್ರ ಮಂಚ ಹಾಲಿಗೆ ಹಾಕು, ರೂಮಿನಾಗ ಸ್ಟ್ಯಾಂಡ್ ಇಡು."

ಹಾರೂನ್ ನಗಬೇಕೋ ಸಿಟ್ಟಾಗಬೇಕೋ ತಿಳಿಯದೆ ನಿಂತ. ಆಮೇಲೆ ಗೆಳೆಯನ ಮುಖ ನೋಡಿ, ಚೌಕಟ್ಟಿನ ಒಂದು ತುದಿ ಹಿಡಿದ. ಇನ್ನೊಂದು ತುದಿಯನ್ನು ಚನ್ನಬಸಪ್ಪ ಹಿಡಿದ. ಇಬ್ಬರೂ ಸೇರಿ ಅದನ್ನು ಯೂಟಿಗೆ ಏರಿಸಿದರು.