ತಲೆಕೆಳಗಾದ ಒಂಬತ್ತು

ಹೊಸ ಸಂಚಿಕೆ ಕೈಗೆ ಬಂದ ಕೂಡಲೇ ತೊಕಿತಾ ಮಿಸಾಓ ನೋಡಿದ್ದು ತನ್ನ ಹೆಸರಿನ ಪಕ್ಕದ ಅಂಕಿಯನ್ನು. ಅವಳು ಕೊಟ್ಟಿದ್ದು ಒಂಬತ್ತು, ಅಚ್ಚಾಗಿದ್ದು ಆರು.

ಟೋಕಿಯೋದ ‘ಗೇಮ್ ಯಗುರಾ’ ವಾರಪತ್ರಿಕೆಯಲ್ಲಿ ವಿಮರ್ಶೆಗೆಂದೇ ಒಂದು ಪುಟವಿತ್ತು. ಪ್ರತಿ ಹೊಸ ವಿಡಿಯೋ ಗೇಮಿಗೂ ನಾಲ್ವರು ವಿಮರ್ಶಕರು, ಅಂಗೈಯಗಲದ ನಾಲ್ಕು ಚೌಕ, ಹತ್ತಕ್ಕೆ ಇಷ್ಟು ಎಂದು ನಾಲ್ಕು ಅಂಕ. ಚೌಕದೊಳಗಿನ ಬರಹವನ್ನು ಓದುವವರು ಕಡಿಮೆ. ಅಂಗಡಿಯವರಂತೂ ಅಂಕಗಳನ್ನು ಕೂಡಿಸಿ ನೋಡಿ, ಎಷ್ಟು ಡಬ್ಬಿ ತರಿಸಬೇಕೆಂದು ಅಲ್ಲೇ ತೀರ್ಮಾನಿಸಿಬಿಡುತ್ತಿದ್ದರು. ಮಿಸಾಓ ಆ ಚೌಕವನ್ನು ಹನ್ನೊಂದು ವರ್ಷದಿಂದ ತುಂಬಿಸುತ್ತಿದ್ದಳು, ಒಂದು ಪದವನ್ನೂ ದಂಡ ಮಾಡದೆ.

ಈ ಸಲದ ಆಟ ‘ಒನಿಗವಾರ’. ನಾಲ್ಕಂತಸ್ತು ಎತ್ತರದ ಕಬ್ಬಿಣದ ರೋಬೋಟುಗಳು ಊರ ನಡುವೆ ಕಾದಾಡುವ ಆಟ. ಅಂಥ ಆಟಗಳಿಗೆ ಜಪಾನಿನಲ್ಲಿ ಬರವೇನೂ ಇರಲಿಲ್ಲ. ಆದರೆ ಬೇರೆ ಆಟಗಳ ರೋಬೋಟುಗಳು ಮಿಡತೆಗಳ ಹಾಗೆ ಹಾರುತ್ತಿದ್ದವು, ಇದು ಮಾತ್ರ ನಡೆಯುತ್ತಿತ್ತು. ಗುಂಡಿ ಒತ್ತಿದರೆ ಕಾಲು ಎತ್ತಬೇಕು, ಸೊಂಟ ತಿರುಗಬೇಕು, ಪಾದ ಊರಬೇಕು, ಆಮೇಲೆ ಮುಂದಿನ ಮಾತು. ಉಳಿದ ಮೂವರು ನಾಲ್ಕು, ಐದು, ನಾಲ್ಕು ಎಂದು ಕೊಟ್ಟು ಕೈತೊಳೆದುಕೊಂಡಿದ್ದರು. ‘ಗುಂಡಿ ಒತ್ತಿ ಚಹಾ ಕುಡಿದು ಬನ್ನಿ, ಅಷ್ಟರಲ್ಲಿ ಕಾಲು ಎತ್ತಿರುತ್ತದೆ’ ಎಂದು ಅವರಲ್ಲೊಬ್ಬ ಬರೆದಿದ್ದ. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಎಂಬಂತೆ ಮಿಸಾಓ ಒಂಬತ್ತು ಕೊಟ್ಟಿದ್ದಳು. ಮೂರೇ ಸಾಲು ಬರೆದಿದ್ದಳು: ‘ಭಾರ. ಇಟ್ಟ ಹೆಜ್ಜೆಯನ್ನು ವಾಪಸು ತೆಗೆಯಲಾಗದ ಭಾರ. ಇದನ್ನು ಯಾರೂ ಹಗುರ ಮಾಡಕೂಡದು.’

ಮೂರನೆಯ ಸಾಲು ಅಚ್ಚಾಗಿರಲೇ ಇಲ್ಲ.

ಪುಟಕ್ಕೆ ಅಕ್ಷರದ ಚೀಟಿಗಳನ್ನು ಅಂಟಿಸುವ ಒಕಾಬೆ ಮೆಲ್ಲಗೆ ಬಾಯಿಬಿಟ್ಟ.

“ಪಕ್ಕದಲ್ಲಿ ಜಾಹೀರಾತು ಅಗಲ ಆಯ್ತು ನೋಡಿ, ಅದಕ್ಕೆ ಒಂದು ಸಾಲು ತೆಗೆದೆ.”

“ಅಂಕಿ? ಅದೂ ಅಗಲ ಆಗಿತ್ತಾ?”

“ಅಂಕಿ ಚೀಟಿ ತಲೆಕೆಳಗಾಗಿದೆ ಅಂದ್ಕೊಂಡೆ ತೊಕಿತಾ ಅವ್ರೇ. ‘ಭಾರ’ ಅಂತ ಬರೆದಿದ್ರಿ. ಭಾರ ಅಂತ ಬರೆದು ಒಂಬತ್ತು ಯಾರಾದ್ರೂ ಕೊಡ್ತಾರಾ? ನಿಮ್ಮ ಮಾನ ಉಳಿಸೋಣ ಅಂತ ನಾನೇ ತಿರುಗಿಸಿ ಅಂಟಿಸ್ದೆ.”

ಅವನದೂ ತಪ್ಪಲ್ಲ. ಆಟದವರ ಬಾಯಲ್ಲಿ ‘ಭಾರ’ ಎಂದರೆ ಬೈಗುಳ. ಕೈಗೆ ಬಗ್ಗದ್ದು, ಮಂದವಾದದ್ದು, ದುಡ್ಡು ದಂಡ ಎಂದೇ ಅರ್ಥ. ಆ ಬೈಗುಳವನ್ನು ಹಿಡಿದು ಹೊಗಳಿಕೆ ಮಾಡಲು ಹೋದವಳು ತಾನೇ ಎಂದು ಮಿಸಾಓಗೆ ಗೊತ್ತಿತ್ತು. ಹಾಗೆಂದು ಸಿಟ್ಟೇನೂ ಇಳಿಯಲಿಲ್ಲ.

ಅವಳು ನೇರ ಸಂಪಾದಕ ತ್ಸುಬೊಉಚಿಯ ಮೇಜಿಗೆ ಹೋದಳು.

“ಮುಂದಿನ ವಾರ ತಿದ್ದುಪಡಿ ಹಾಕಿ. ಆರಲ್ಲ, ಒಂಬತ್ತು.”

ತ್ಸುಬೊಉಚಿ ಸಿಗರೇಟು ಆರಿಸಿದ. “ಆ ಅಗಲವಾದ ಜಾಹೀರಾತು ಯಾರದ್ದು ಅಂತ ನೋಡಿದ್ಯಾ? ಒನಿಗವಾರದ್ದೇ. ಜಾಹೀರಾತು ಅವರದ್ದು, ಆಮೇಲೆ ಆರು ಹೋಗಿ ಒಂಬತ್ತು ಆಗತ್ತೆ. ಓದುಗರು ಏನಂತಾರೆ?”

“ನಾನು ದುಡ್ಡು ತಿಂದೆ ಅಂತಾರೆ. ಅನ್ಲಿ.”

“ನಿನ್ನೊಬ್ಬಳನ್ನೇ ಅನ್ನಲ್ಲ ಕಣಮ್ಮ. ನಾವು ಇಲ್ಲೀವರೆಗೂ ಒಂದು ಅಂಕಾನೂ ತಿದ್ದಿಲ್ಲ. ತಿದ್ದೋದೂ ಇಲ್ಲ.”

ಅವಳು ಮರುದಿನವೂ ಹೋಗಿ ಕೇಳಿದಳು, ಅದರ ಮರುದಿನವೂ. ನೀರಿಗಿಂತ ಬಂಡೆ ಗಟ್ಟಿ ಎಂದುಕೊಂಡು ಸಂಪಾದಕ ಕೂತಿದ್ದ. ಮಿಸಾಓ ಹಲ್ಲು ಕಚ್ಚಿಕೊಂಡು ಹೊರಬಂದಳು. ತನ್ನ ಹೆಸರಿನ ಪಕ್ಕ ಒಂದು ಸುಳ್ಳು ಕೂತಿದೆ, ಅದು ಅಲ್ಲೇ ಕೂತಿರುತ್ತದೆ. ಅಷ್ಟೇ ಆಗಿದ್ದರೆ ಅವಳು ನುಂಗಿಕೊಳ್ಳುತ್ತಿದ್ದಳೋ ಏನೋ.

ಬುಧವಾರ ‘ಒನಿಗವಾರ’ ಆಟ ತಯಾರಿಸಿದ ಕಂಪನಿಯ ಯಜಮಾನ ನಿಶಿಗೊರಿ ಪತ್ರಿಕೆಯ ಕಚೇರಿಗೆ ಬಂದ. ಇಸ್ತ್ರಿ ಕಾಣದ ಸೂಟು, ಕೈಯಲ್ಲಿ ಬಟ್ಟೆ ಸುತ್ತಿದ ಯೋಕಾನ್ ಮಿಠಾಯಿಯ ಪೆಟ್ಟಿಗೆ. ಪೆಟ್ಟು ಕೊಟ್ಟವರ ಮನೆಗೇ ಸಿಹಿ ಒಯ್ದು ಕೊಡುವುದು ಅವರಲ್ಲಿ ವ್ಯಾಪಾರದ ಮರ್ಯಾದೆ. ಅವನು ಸೊಂಟ ಮುರಿಯುವಷ್ಟು ಬಾಗಿದ.

“ನಾಲ್ವರಲ್ಲಿ ನೀವೊಬ್ರೇ ಆರು ಕೊಟ್ಟಿದ್ದು. ನಮ್ಮ ಹುಡುಗರು ಅದನ್ನ ಕತ್ತರಿಸಿ ಗೋಡೆಗೆ ಅಂಟಿಸಿದಾರೆ.”

ಮಿಸಾಓಗೆ ನೆಲ ಬಿರಿದು ತನ್ನನ್ನು ನುಂಗಬಾರದೇ ಅನ್ನಿಸಿತು.

“ನೀವು ಹೇಳಿದ್ದು ಮನಸ್ಸಿಗೆ ನಾಟಿತು ಸೆನ್ಸೇ,” ಎಂದ, ಗುರುಗಳನ್ನು ಕರೆಯುವ ಹಾಗೆ. “ಭಾರ! ಸತ್ಯವಾದ ಮಾತು. ಹೊಸ ಆವೃತ್ತಿ ಮಾಡ್ತಿದೀವಿ, ಶುಕ್ರವಾರ ಸಂಜೆ ಡಿಸ್ಕ್ ಕಾರ್ಖಾನೆಗೆ ಹೋಗತ್ತೆ. ಅದ್ರಲ್ಲಿ ಭಾರ ಪೂರ್ತಿ ತೆಗೆದುಬಿಟ್ಟಿದೀವಿ. ಈಗ ಗರಿ ಹಾರಿದ ಹಾಗೆ ಹಾರತ್ತೆ.”

“ತೆಗೀಬೇಡಿ!”

ಅಕ್ಕಪಕ್ಕದ ಮೇಜಿನವರು ತಿರುಗಿ ನೋಡಿದರು. ಮಿಸಾಓ ದನಿ ಇಳಿಸಿದಳು. “ನಾನು ಕೊಟ್ಟಿದ್ದು ಆರಲ್ಲ, ಒಂಬತ್ತು. ಅಚ್ಚಿನಲ್ಲಿ ತಪ್ಪಾಗಿದೆ. ಭಾರ ಅಂದಿದ್ದು ಹೊಗಳಿ. ಆ ಭಾರಾನೇ ನನಗೆ ಇಷ್ಟವಾಗಿದ್ದು.”

ನಿಶಿಗೊರಿ ಅವಳ ಮುಖ ನೋಡಿದ. ಅವನ ಕಣ್ಣು ತುಂಬಿಬಂತು. ಆಮೇಲೆ ಮೊದಲಿಗಿಂತ ಕೆಳಕ್ಕೆ ಬಾಗಿದ.

“ಎಂಥಾ ಮನಸ್ಸು ನಿಮ್ದು! ಸೋತವನಿಗೆ ಸಮಾಧಾನ ಹೇಳೋಕೆ ಒಂಬತ್ತು ಅಂತೀರಾ. ಈ ಋಣ ನಾವು ಮರೆಯಲ್ಲ. ಖಂಡಿತ ಹಗುರ ಮಾಡ್ತೀವಿ.”

ಅವಳು ಮತ್ತೆ ಹೇಳಿದಳು, ಅವನು ಮತ್ತೆ ಬಾಗಿದ. ಎದುರೆದುರು ಹೇಳಿದ ಹೊಗಳಿಕೆಯನ್ನು ನಂಬುವ ಊರಲ್ಲ ಅದು. ಮುಖದ ಮುಂದೆ ಹೇಳುವುದು ಮರ್ಯಾದೆಗೆ, ನಿಜ ಹೇಳುವುದು ಬೆನ್ನ ಹಿಂದೆ, ಇಲ್ಲವೇ ಅಚ್ಚಿನಲ್ಲಿ. ಅಚ್ಚಿನಲ್ಲಿ ಆರಿತ್ತು. ಇವಳು ಎಷ್ಟು ಒತ್ತಿ ಹೇಳಿದರೆ ಅವನಿಗೆ ಅದು ಅಷ್ಟು ದೊಡ್ಡ ಸೌಜನ್ಯವಾಗಿ ಕಂಡಿತು. ಅವನು ಹೋದ ಮೇಲೆ ಮಿಸಾಓ ಯೋಕಾನಿನ ಪೆಟ್ಟಿಗೆಯನ್ನು ಮುಂದಿಟ್ಟುಕೊಂಡು ಕೂತಳು. ಹನ್ನೊಂದು ವರ್ಷದಲ್ಲಿ ಅವಳಿಗೆ ಇಷ್ಟು ಹಿಡಿಸಿದ ಆಟ ಇನ್ನೊಂದಿರಲಿಲ್ಲ. ಅದನ್ನು ತನ್ನದೇ ಮಾತು ಕೊಲ್ಲುತ್ತಿದೆ. ಬಾಯಿಂದ ಆಗದು, ಪತ್ರಿಕೆಯಿಂದಲೂ ಆಗದು. ಹಾಗಾದರೆ ಕೈಯಿಂದ, ಎಂದುಕೊಂಡಳು.

ಶುಕ್ರವಾರ ಬೆಳಿಗ್ಗೆ ಅವಳು ಟೋಕಿಯೋದ ಸಣ್ಣ ಕಾರ್ಖಾನೆಗಳ ಬಡಾವಣೆಯಾದ ಕಾಮಾತಾಕ್ಕೆ ಹೊರಟಳು. ವಿಮರ್ಶಕರು ಆಟ ಮಾಡುವವರ ಮನೆಬಾಗಿಲು ತುಳಿಯಬಾರದೆಂಬ ಕಟ್ಟಳೆ ಇತ್ತು. ಕಟ್ಟಳೆ ಕಟ್ಟಿಕೊಂಡು ಏನಾಗಬೇಕು! ನಿಶಿಗೊರಿಯ ಕಂಪನಿ ಇದ್ದದ್ದು ತಗಡು ಅಚ್ಚೊತ್ತುವ ಒಂದು ಪುಟ್ಟ ಕಾರ್ಖಾನೆಯ ಮೇಲ್ಮಹಡಿಯಲ್ಲಿ. ಕೆಳಗೆ ಯಂತ್ರ ಬಡಿದಾಗಲೆಲ್ಲ ಮೇಲೆ ಚಹಾದ ಲೋಟಗಳು ಅಲುಗುತ್ತಿದ್ದವು. ಆರು ಜನ ಕೆಲಸದವರು ತಟ್ಟನೆ ಎದ್ದು ನಿಂತರು. ಗೋಡೆಯ ಮೇಲೆ ಅವಳ ಚೌಕ ಇತ್ತು, ಕೆಂಪು ಶಾಯಿಯ ಸುತ್ತು ಹಾಕಿಸಿಕೊಂಡು.

“ಹೊಸದನ್ನ ಆಡ್ತೀನಿ,” ಎಂದಳು.

ನಿಶಿಗೊರಿ ಹಿಗ್ಗಿಹೋದ. ರೋಬೋಟಿನ ನಡಿಗೆಯ ಲೆಕ್ಕಾಚಾರ ಬರೆದ ಅರಿಗಾ ಎಂಬ ಸಣಕಲು ಹೆಂಗಸು ಡಿಸ್ಕ್ ಹಾಕಿದಳು. ತೆರೆಯ ಮೇಲೆ ಕಬ್ಬಿಣದ ರೋಬೋಟ್ ಬೆಕ್ಕಿನಂತೆ ನೆಗೆಯಿತು. ಮಿಸಾಓ ಒಂದೇ ಏಟಿಗೆ ಗೆದ್ದಳು. ಎರಡನೆಯ ಸುತ್ತನ್ನೂ ಗೆದ್ದಳು. ಎಲ್ಲರೂ ಚಪ್ಪಾಳೆ ತಟ್ಟಿದರು, ಅರಿಗಾ ಒಬ್ಬಳನ್ನು ಬಿಟ್ಟು. ಮಿಸಾಓ ಕೈಯಲ್ಲಿದ್ದ ಆಟದ ಗುಂಡಿಹಲಗೆಯನ್ನು ಮೇಜಿನ ಮೇಲಿಟ್ಟಳು.

“ಚೆನ್ನಾಗಿದೆ. ಈಗ ಹಳೇದು ಹಾಕಿ.”

“ಹಳೇದ್ಯಾಕೆ ಸೆನ್ಸೇ, ಅದು ಬರೀ ಭಾರ…”

“ಹಾಕಿ.”

ಹಳೆಯದರಲ್ಲಿ ಅವಳು ಸೋತಳು. ಎಡಗಾಲು ಮುಂದಿಟ್ಟು ಸೊಂಟ ತಿರುಗಿಸುವಷ್ಟರಲ್ಲಿ ಎದುರಾಳಿಯ ಸುತ್ತಿಗೆ ಬಂದು ಅಪ್ಪಳಿಸಿತ್ತು. “ಇನ್ನೊಂದ್ಸಲ,” ಎಂದಳು. ಮತ್ತೆ ಸೋತಳು. ಕೋಟು ಕಳಚಿ ನೆಲದ ಮೇಲೆ ಚಕ್ಕಳಮಕ್ಕಳ ಕೂತಳು. ಕೆಲಸದವರು ಮೊದಲು ನಕ್ಕರು, ಆಮೇಲೆ ಅವರಿಗೇ ಮುಜುಗರವಾಯಿತು. ದೊಡ್ಡ ವಿಮರ್ಶಕಿ ತಮ್ಮೆದುರು ಹೀಗೆ ಸೋಲುವುದನ್ನು ನೋಡಲು ಅವರಿಗೆ ಕಷ್ಟವಾಗುತ್ತಿತ್ತು.

“ಇನ್ನೊಂದ್ಸಲ.”

ಮಧ್ಯಾಹ್ನ ಬುತ್ತಿ ಪೆಟ್ಟಿಗೆಗಳು ಬಂದವು. ಅವಳ ಪಾಲಿನ ಹುರಿದ ಮೀನು ಆರಿ ತಣ್ಣಗಾಯಿತು. ಡಿಸ್ಕ್ ಒಯ್ಯುವ ವ್ಯಾನು ಐದಕ್ಕೆ ಬರುವುದಿತ್ತು. ಅವಳ ಹೆಬ್ಬೆರಳು ಕೆಂಪಗೆ ಊದಿಕೊಂಡಿತ್ತು. ಆದರೂ ಈಗ ಅವಳು ಗುಂಡಿಯನ್ನು ಬಡಿಯುತ್ತಿರಲಿಲ್ಲ. ಒಮ್ಮೆ ಒತ್ತಿ, ಉಸಿರು ಹಿಡಿದು, ಪಾದ ಊರುವವರೆಗೆ ಕಾದು, ಆಮೇಲೆ ಇನ್ನೊಮ್ಮೆ ಒತ್ತುತ್ತಿದ್ದಳು. ಅರಿಗಾ ತನ್ನ ಕುರ್ಚಿ ಬಿಟ್ಟು ಬಂದು ಅವಳ ಹಿಂದೆ ಮಂಡಿಯೂರಿ ಕೂತಿದ್ದಳು.

ನಿಶಿಗೊರಿಗೆ ತಡೆಯಲಾಗಲಿಲ್ಲ. ಬಗ್ಗಿ ಮಿಸಾಓಳ ಕಿವಿಯ ಬಳಿ, “ಸೆನ್ಸೇ, ನಮ್ಮ ಮನಸ್ಸು ನೋಯಬಾರದು ಅಂತ ಇಷ್ಟೊಂದು ಶ್ರಮ ತಗೋತಿದೀರಿ. ನಿಮ್ಮ ದೊಡ್ಡ ಗುಣಕ್ಕೆ ನಾವು ಹೇಗೆ…”

“ಬಾಯ್ಮುಚ್ಚಯ್ಯ! ಕಾಲು ಊರ್ತಾ ಇದೆ!”

ಮನೆಗೆ ಹೋದ ಅತಿಥಿ ಮನೆಯ ಯಜಮಾನನಿಗೆ ಆಡುವ ಮಾತಲ್ಲ ಅದು, ಕುಡುಕರೂ ಆಡುವುದಿಲ್ಲ. ತಾನೇನಂದೆ ಎಂದು ಮಿಸಾಓಗೆ ಗೊತ್ತೂ ಆಗಲಿಲ್ಲ. ಅವಳ ಕಣ್ಣು ತೆರೆಯ ಮೇಲಿತ್ತು, ನಾಲಿಗೆ ತುದಿ ಹಲ್ಲುಗಳ ನಡುವೆ ಸಿಕ್ಕಿಕೊಂಡಿತ್ತು. ನಿಶಿಗೊರಿ ನಿಧಾನವಾಗಿ ನೆಟ್ಟಗೆ ನಿಂತ. ಅವಳನ್ನು ನೋಡಿದ, ಗೋಡೆಯ ಮೇಲಿನ ಚೌಕವನ್ನು ನೋಡಿದ, ಮತ್ತೆ ಅವಳನ್ನು ನೋಡಿದ. ಇಷ್ಟು ದಿನದಲ್ಲಿ ಯಾರೂ ಅವನಿಗೆ ಇಷ್ಟು ಒಳ್ಳೆಯ ಮಾತು ಹೇಳಿರಲಿಲ್ಲ.

“ಒಂಬತ್ತು,” ಎಂದ ತನ್ನಷ್ಟಕ್ಕೆ. “ಅರಿಗಾ, ವ್ಯಾನಿಗೆ ಎಷ್ಟು ಹೊತ್ತಿದೆ?”

“ಸಾಕಷ್ಟಿದೆ. ನಡಿಗೆಯ ಹಳೇ ಲೆಕ್ಕ ನಾನು ಅಳಿಸಿಲ್ಲ,” ಎಂದಳು ಅರಿಗಾ. ಆಗಲೇ ಎದ್ದು ತನ್ನ ಕೀಲಿಮಣೆಯ ಕಡೆ ಹೊರಟಿದ್ದಳು. “ನೀವು ಹೇಳಿದ್ರಿ ಅಂತ ಮಾಡಿದ್ದೆ, ನನಗೇನೂ ಮನಸ್ಸಿರ್ಲಿಲ್ಲ.”

ಕೆಳಗಿನ ಯಂತ್ರ ಧಡ್ ಎಂದಿತು. ತೆರೆಯ ಮೇಲೆ ಸುತ್ತಿಗೆ ಬಂದು ಬಡಿಯಿತು, ಮಿಸಾಓಳ ರೋಬೋಟ್ ಮಂಡಿ ಮಡಚಿ ಉರುಳಿಬಿತ್ತು.

“ಇನ್ನೊಂದ್ಸಲ,” ಎಂದಳು ಮಿಸಾಓ.