ಯಾರೂ ಊದದ ವಿಶಲ್

ಗೂಳೂರು ದಾಟಿ ಸ್ವಲ್ಪ ದೂರ ಹೋದ ಮೇಲೆ ಗಂಗರಾಜು ಬಸ್ಸನ್ನು ಮೆಲ್ಲಗೆ ಎಡಕ್ಕೆ ತಂದು ನಿಲ್ಲಿಸಿದ. ಒಂದು ಕಡೆ ತೋಟದ ಬೇಲಿ, ಇನ್ನೊಂದು ಕಡೆ ರಾಗಿ ಹೊಲ. ಇಳಿಯುವವರು ಯಾರೂ ಏಳಲಿಲ್ಲ. ಹತ್ತುವವರಂತೂ ಇರಲೇ ಇಲ್ಲ. ಬೇಲಿಯ ಪಕ್ಕ ಮೇಯುತ್ತಿದ್ದ ಎಮ್ಮೆಯೊಂದು ತಲೆಯೆತ್ತಿ ಬಸ್ಸನ್ನು ನೋಡಿ, ತನಗೆ ಸಂಬಂಧವಿಲ್ಲವೆಂದು ಮತ್ತೆ ಮೇಯತೊಡಗಿತು.

ಕಂಡಕ್ಟರ್ ಅಂಜನಪ್ಪ ಟಿಕೆಟ್ ಹರಿಯುವುದನ್ನು ಬಿಟ್ಟು ಹಿಂದಿನಿಂದ ಕೂಗಿದ. "ಯಾಕಣ್ಣ ನಿಲ್ಸಿದ್ದು? ಎಮ್ಮೆಗೇನು ಟಿಕೆಟ್ ಕೊಡನಾ?"

"ನೀನೇ ತಾನೆ ವಿಶಲ್ ಹಾಕಿದ್ದು?"

"ನಾನಾ? ವಿಶಲ್ ಜೇಬಲ್ಲೈತೆ, ಬಂದು ನೋಡು ಬೇಕಾದ್ರೆ."

ಬಸ್ಸೆಲ್ಲ ನಕ್ಕಿತು. ಗಂಗರಾಜುವೂ ನಕ್ಕು ಗೇರು ಹಾಕಿದ. ಆದರೆ ಹಿಂದಿನ ಬಾಗಿಲನ್ನು ಕನ್ನಡಿಯಲ್ಲಿ ಇನ್ನೊಮ್ಮೆ ನೋಡಿದ. ಬೆಳಿಗ್ಗೆ ಗುಬ್ಬಿಯಿಂದ ತುಮಕೂರಿಗೆ ಬರುವಾಗಲೂ ಹೀಗೆಯೇ ಒಂದು ಸಲ ನಿಲ್ಲಿಸಿದ್ದ. ಆಗಲೂ ವಿಶಲ್ ಅವನಿಗೆ ಸ್ಪಷ್ಟವಾಗಿ ಕೇಳಿತ್ತು, ಆಗಲೂ ಯಾರೂ ಊದಿರಲಿಲ್ಲ.

ಕಾರು ಓಡಿಸುವವರಿಗೆ ಇದರ ಕಷ್ಟ ತಿಳಿಯುವುದಿಲ್ಲ. ಬಸ್ಸಿನ ಹಿಂದಿನ ಬಾಗಿಲು ಡ್ರೈವರಿಗೆ ಕನ್ನಡಿಯಲ್ಲಿ ಅರ್ಧ ಕಾಣುತ್ತದೆ, ಇನ್ನರ್ಧ ಕಾಣುವುದಿಲ್ಲ. ಆ ಕಾಣದ ಅರ್ಧಕ್ಕೆ ಕಂಡಕ್ಟರನ ವಿಶಲ್ಲೇ ಕಣ್ಣು. ಒಂದು ಊದಿದರೆ ನಿಲ್ಲಿಸು, ಎರಡು ಊದಿದರೆ ಹೊರಡು. ಗಂಗರಾಜು ಮತ್ತು ಅಂಜನಪ್ಪ ಎಷ್ಟೋ ವರ್ಷಗಳಿಂದ ಗುಬ್ಬಿ, ತುಮಕೂರು, ಕುಣಿಗಲ್ ಅಂತ ಇದೇ ದಾರಿಯಲ್ಲಿ ಒಬ್ಬರ ಮುಖ ಒಬ್ಬರು ನೋಡದೆ ಬರೀ ವಿಶಲ್ಲಿನಲ್ಲೇ ಸಂಸಾರ ಮಾಡಿಕೊಂಡು ಬಂದಿದ್ದರು.

ಗಂಗರಾಜುವಿನ ಕಿವಿಗೆ ಸದ್ದು ಹೊಸದೇನಲ್ಲ. ವರ್ಷಗಟ್ಟಲೆ ಇಂಜಿನ್ನಿನ ಪಕ್ಕದಲ್ಲಿ ಕೂತದ್ದಕ್ಕೆ ಕಿವಿಯೊಳಗೆ ಒಂದು ಜೀರುಂಡೆ ಯಾವತ್ತೋ ಬಿಡಾರ ಹೂಡಿತ್ತು. ಅದು ಜೀ ಎನ್ನುತ್ತಿತ್ತು, ಇವನು ಬೀಡಿ ಸೇದುತ್ತಿದ್ದ. ಒಬ್ಬರಿಗೊಬ್ಬರು ತೊಂದರೆಯಿರಲಿಲ್ಲ. ತೊಂದರೆ ಶುರುವಾದದ್ದು ಅಕ್ಕನ ಮಗ ಸಂತೋಷ್ ಮದುವೆಯಲ್ಲಿ. ಗುಬ್ಬಿಯ ಛತ್ರದಿಂದ ಮೆರವಣಿಗೆ ಹೊರಟಾಗ, ಸೋದರಮಾವ ಅಂದರೆ ಮುಂದೆ ಇರಬೇಕು ಅಂತ ಹುಡುಗರು ಇವನನ್ನು ಎಳೆದುಕೊಂಡು ಹೋಗಿ ಡೀಜೆ ಗಾಡಿಯ ಎದುರು ನಿಲ್ಲಿಸಿದರು. ಬೀರುವಿನಷ್ಟೆತ್ತರದ ಸ್ಪೀಕರುಗಳು. ಮಾವ ಮೊದಲು ನಾಚಿದ. ಆಮೇಲೆ ಟವೆಲನ್ನು ಸೊಂಟಕ್ಕೆ ಕಟ್ಟಿದ. ಆಮೇಲೆ ಅವನನ್ನು ನಿಲ್ಲಿಸಲು ಯಾರಿಂದಲೂ ಆಗಲಿಲ್ಲ. ಬೆಳಿಗ್ಗೆ ಎದ್ದರೆ ಜೀರುಂಡೆಯ ಜೊತೆಗೆ ಹೊಸ ನೆಂಟ ಬಂದು ಕೂತಿದ್ದ. ಸಣ್ಣಗೆ, ಉದ್ದಕ್ಕೆ, ಪಿಯ್ ಅಂತ. ಕೆಲವು ಸಲ ತುಂಡಾಗಿ, ಪಿಯ್, ಪಿಯ್ ಅಂತ. ಸಾಕ್ಷಾತ್ ಅಂಜನಪ್ಪನ ವಿಶಲ್.

ತುಮಕೂರಿನ ಉಪ್ಪಾರಹಳ್ಳಿಯ ಮನೆಯಲ್ಲಿ ಈ ವಿಷಯ ಗೊತ್ತಿದ್ದದ್ದು ಹೆಂಡತಿ ಅರುಣಾಗೆ ಮಾತ್ರ. ಗಂಡ ಚಳಿಗಾಲದಲ್ಲಿ ಫ್ಯಾನ್ ಹಾಕಿಕೊಂಡು ಮಲಗುವುದನ್ನು ನೋಡಿ ಅವಳೇ ಬಾಯಿ ಬಿಡಿಸಿದ್ದಳು. ಫ್ಯಾನಿನ ಸದ್ದಿದ್ದರೆ ಕಿವಿಯ ಸದ್ದು ಸ್ವಲ್ಪ ಹಿಂದೆ ಸರಿಯುತ್ತದೆಂದು ಅವನೇ ಕಂಡುಕೊಂಡಿದ್ದ.

"ಡಾಕ್ಟ್ರಿಗೆ ತೋರ್ಸಿ ಅಂದ್ರೆ ಕೇಳಲ್ವಲ್ರೀ," ಎಂದಳು ಅವಳು, ತಿಂಡಿಗೆ ರೊಟ್ಟಿ ತಟ್ಟುತ್ತ.

"ತೋರಿಸ್ಬೋದು. ಕಿವಿ ಸರಿಯಿಲ್ಲ ಅಂತ ಬರ್ದು ಕೈಗೆ ಕೊಟ್ರೆ? ಓನರ್ ಶಿವರಾಮಯ್ಯೋರು ಸ್ಟೇರಿಂಗ್ ಮುಟ್ಟಕ್ಕೆ ಬುಡ್ತಾರಾ? ಆಮ್ಯಾಕೆ ನಾನೇನು ಮಾಡ್ಲಿ, ಮನೇಲಿ ಕೂತ್ಕಂಡು ರೊಟ್ಟಿ ತಟ್ಲಾ?"

"ತಟ್ಟಿ, ಬೇಡ ಅಂದೋರ್ಯಾರು. ಅಂಜನಪ್ಪಂಗಾದ್ರೂ ಹೇಳಿ. ಹಿಂದೆ ನಿಂತಿರೋನು ಅವ್ನು."

ಹೇಳಲಿಲ್ಲ. ಗಂಗರಾಜುವಿಗೆ ಭಯವಾಗಿತ್ತು, ಅಷ್ಟೆ. ಬಸ್ಸು ಬಿಟ್ಟರೆ ತಾನು ಏನೂ ಅಲ್ಲ ಅನ್ನುವ ಭಯ.

ಇತ್ತ ಅಂಜನಪ್ಪ ತನ್ನದೇ ಲೆಕ್ಕದಲ್ಲಿದ್ದ. ಡ್ರೈವರಣ್ಣ ಬೇಡದ ಕಡೆ ನಿಲ್ಲಿಸುತ್ತಾನೆ, ಕೆಲವು ಸಲ ಹೇಳುವ ಮೊದಲೇ ಹೊರಡುತ್ತಾನೆ ಅಂದರೆ ದೋಷ ವಿಶಲ್ಲಿನದು, ಸದ್ದು ಸರಿಯಾಗಿ ಮುಂದಕ್ಕೆ ಮುಟ್ಟುತ್ತಿಲ್ಲ. ಹಾಗೆಂದುಕೊಂಡು ತುಮಕೂರಿನ ಸ್ಪೋರ್ಟ್ಸ್ ಅಂಗಡಿಯಿಂದ ಹೊಸದೊಂದು ತಂದ. ಅದು ಸಾಲದೆನ್ನಿಸಿ ರೆಫರಿಗಳು ಊದುವ ಭಾರಿ ಗಾತ್ರದ್ದನ್ನೂ ತಂದ. ಅದನ್ನು ಮೊದಲ ಸಲ ಊದಿದಾಗ ಮುಂದಿನ ಸೀಟಿನ ಕೂಸು ಅಳಲು ಶುರುಮಾಡಿತು, ಗಂಗರಾಜುವಿನ ಕಿವಿಯ ನೆಂಟ ಇನ್ನೂ ಹುರುಪಾದ. ತಂತಿಯಿಂದ ಚುಚ್ಚಿದಂತಾಗಿ ಗಂಗರಾಜು ಹಲ್ಲು ಕಚ್ಚಿದ. ಆದರೂ ಅಂಜನಪ್ಪ ಕೇಳಿದಾಗ, "ಚೆನ್ನಾಗಿ ಕೇಳ್ತು ಬುಡು," ಎಂದ.

ಭಾರಿ ವಿಶಲ್ ಬಂದ ಮೇಲೂ ಬಸ್ಸು ಎಮ್ಮೆ ಕಂಡಲ್ಲಿ, ಹುಣಸೆಮರ ಕಂಡಲ್ಲಿ ನಿಲ್ಲುವುದು ತಪ್ಪಲಿಲ್ಲ. ಆಗ ಅಂಜನಪ್ಪನ ಅನುಮಾನ ಬೇರೆ ಕಡೆ ತಿರುಗಿತು. ನನ್ನ ಬಸ್ಸಿನಲ್ಲಿ ಇನ್ಯಾರೋ ಊದುತ್ತಿದ್ದಾರೆ. ಕೀಟಲೆಗೆ. ಕಾಲೇಜಿನವರೇ ಇರಬೇಕು.

ಹೀಗಿರುವಾಗ ಒಂದು ಮಧ್ಯಾಹ್ನ ಹೆಬ್ಬೂರಿನಲ್ಲಿ ಪುಟ್ಟಗಂಗಮ್ಮ ಬಸ್ಸು ಹತ್ತುತ್ತಿದ್ದಳು. ಕುಣಿಗಲ್ಲಿನಲ್ಲಿ ಸೊಪ್ಪು ಮಾರುವ ಮುದುಕಿ. ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ನೆಲದ ಮೇಲೆ, ತಲೆಯ ಮೇಲೆ ದಂಟಿನ ಸೊಪ್ಪಿನ ಗಂಟು. ಅವಳಿದ್ದದ್ದು ಕನ್ನಡಿಗೆ ಕಾಣದ ಅರ್ಧದಲ್ಲಿ. ಗಂಗರಾಜುವಿನ ಕಿವಿಯಲ್ಲಿ ಪಿಯ್, ಪಿಯ್ ಅಂದಿತು. ಅವನ ಕಾಲು ಕ್ಲಚ್ ಬಿಟ್ಟಿತು.

ಹಿಂದಿನಿಂದ ಬಂದ ಕಿರುಚಾಟಕ್ಕೆ ಬ್ರೇಕ್ ಒತ್ತುವಷ್ಟರಲ್ಲಿ ಅಂಜನಪ್ಪ ಮುದುಕಿಯ ರಟ್ಟೆ ಹಿಡಿದು ಮೇಲಕ್ಕೆ ಎಳೆದುಕೊಂಡಾಗಿತ್ತು. ಗಂಟು ಮಾತ್ರ ರಸ್ತೆಗೆ ಬಿದ್ದು ಸೊಪ್ಪೆಲ್ಲ ಚೆಲ್ಲಾಪಿಲ್ಲಿಯಾಯಿತು. ಪುಟ್ಟಗಂಗಮ್ಮನಿಗೆ ಏನೂ ಆಗಿರಲಿಲ್ಲ. ಏನೂ ಆಗಿಲ್ಲವೆಂಬುದು ಅವಳು ಡ್ರೈವರನ ಮೂರು ತಲೆಮಾರನ್ನು ಬೈದ ರಭಸದಲ್ಲೇ ಗೊತ್ತಾಯಿತು. ಇಬ್ಬರು ಇಳಿದು ಸೊಪ್ಪು ಆಯ್ದುಕೊಟ್ಟರು.

ಅಂಜನಪ್ಪ ಮುದುಕಿಯನ್ನು ಸೀಟಿಗೆ ಕೂರಿಸಿ ಹಿಂದಕ್ಕೆ ತಿರುಗಿದ. "ನಾನು ಊದಿಲ್ಲ. ಇವತ್ತು ಯಾರೂದಿದ್ರೋ ಅವ್ರು ಮನುಷ್ಯರಲ್ಲ. ಎಲ್ರೂ ಬ್ಯಾಗ್ ತೆಗೀರಿ."

ಕೋಪ ಬಂದಿದ್ದ ಜನ ತಾವಾಗಿಯೇ ಬ್ಯಾಗು ತೆಗೆದರು. ಕೊನೆಯ ಸೀಟಿನಲ್ಲಿದ್ದ ತೇಜಸ್ವಿನಿ ಎಂಬ ಹುಡುಗಿಯ ಚೀಲದಿಂದ, ಶೂಗಳ ಕೆಳಗಿನಿಂದ, ಕೆಂಪು ದಾರದ ವಿಶಲ್ ಹೊರಬಂತು.

"ಅಂಕಲ್, ನಾನು ಊದಿಲ್ಲ. ಪಿ.ಟಿ. ಟೀಚರ್ ಟ್ರೈನಿಂಗ್ ಮಾಡ್ತಿದೀನಿ, ಗ್ರೌಂಡಿಗೆ ಬೇಕು ಅಂತ..."

"ಗ್ರೌಂಡಲ್ಲಿ ಊದು, ಬಸ್ಸಲ್ಲಿ ಯಾಕೆ ಊದ್ದೆ? ಇಳಿ ಕೆಳೀಕೆ. ನಿಮ್ ಕಾಲೇಜಿಗೆ ಫೋನ್ ಮಾಡಿ ಹೇಳ್ತೀನಿ."

"ಹೆಣ್ಮಗಳಾಗಿ ನೋಡು," ಎಂದರು ಯಾರೋ. ಹುಡುಗಿ ಚೀಲವನ್ನು ಎದೆಗೊತ್ತಿಕೊಂಡು ಎದ್ದು ನಿಂತಳು. ಅಳುತ್ತಲೇ ಬಾಗಿಲ ಕಡೆ ಹೆಜ್ಜೆಯಿಟ್ಟಳು.

ಗಂಗರಾಜುವಿಗೆ ಕನ್ನಡಿಯಲ್ಲಿ ಅವಳ ಮುಖ ಕಾಣುತ್ತಿತ್ತು. ಸುಮ್ಮನಿದ್ದರೆ ಆಯಿತು. ಹುಡುಗಿ ಇಳಿಯುತ್ತಾಳೆ, ಬಸ್ಸು ಹೊರಡುತ್ತದೆ, ಸೀಟು ಉಳಿಯುತ್ತದೆ. ಅವನು ಇಂಜಿನ್ ಆರಿಸಿದ. ಇಂಜಿನ್ನಿನ ಸದ್ದು ನಿಂತದ್ದೇ ಕಿವಿಯ ವಿಶಲ್ ತಲೆಯೆಲ್ಲ ತುಂಬಿತು. ಅದರ ಮೇಲೆಯೇ ಜೋರಾಗಿ ಹೇಳಿದ.

"ಆ ಮಗೂನ ಬುಡು ಅಂಜನಪ್ಪ. ಬಸ್ಸಲ್ಲಿ ಯಾರೂ ಊದ್ತಿಲ್ಲ. ನನ್ ಕಿವೀಲಿ ಊದ್ತಾ ಐತೆ."

"ಕಿವೀಲಾ?" ಅಂತ ಒಬ್ಬರು ಕೇಳಿದರು, ಪಕ್ಕದವರಿಗೆ ಕೇಳುವಷ್ಟೇ ಮೆಲ್ಲಗೆ.

ಅವನು ಎದ್ದು ನಿಂತು ಎಲ್ಲವನ್ನೂ ಹೇಳಿದ. ಮದುವೆ, ಡೀಜೆ, ಕುಣಿದದ್ದು, ಮುಚ್ಚಿಟ್ಟದ್ದು. ಕುಣಿದದ್ದನ್ನು ಹೇಳುವಾಗ ಮುಖ ಕೆಂಪಾಯಿತು, ಮುಚ್ಚಿಟ್ಟದ್ದನ್ನು ಹೇಳುವಾಗ ಪುಟ್ಟಗಂಗಮ್ಮನ ಕಡೆ ತಿರುಗಿದ. "ಈ ಅವ್ವ ಇವತ್ತು ನನ್ನಿಂದ ಗಾಲಿಗೆ ಸಿಕ್ತಿದ್ಲು," ಎಂದು ಬೀಗದ ಕೈ ಕಿತ್ತು ಅಂಜನಪ್ಪನ ಕಡೆ ಚಾಚಿದ. "ಬೇರೆ ಡ್ರೈವರ್ನ ಕರ್ಸು. ನಾನು ಓಡ್ಸಲ್ಲ."

ಮೊದಲು ಬಾಯಿ ಬಿಟ್ಟವಳು ಪುಟ್ಟಗಂಗಮ್ಮ. ಸೊಪ್ಪಿನ ಗಂಟನ್ನು ಮತ್ತೆ ಬಿಗಿಯುತ್ತ ಅಂದಳು, "ಅದ್ಕೆ ಯಾಕ್ಲಾ ಮಕ ಹಂಗ್ ಮಾಡ್ಕಂಡಿದೀಯ? ನನ್ ಕಿವೀಲಿ ಯಾವ್ ಕಾಲದಿಂದ್ಲೋ ರಾಗಿ ಮಿಲ್ಲು ಓಡ್ತಾ ಐತೆ. ಹಂಗಂತ ನಾನೇನು ರಾಗಿ ಹೊತ್ಕಂಡು ಓಡಾಡ್ತಿದೀನಾ?"

ಮಧ್ಯದ ಸೀಟಿನಲ್ಲಿದ್ದ ರಿಟೈರ್ಡ್ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ನಂದು ಕುಕ್ಕರು. ವಿಶಲ್ ಮೇಲೆ ವಿಶಲ್ ಹಾಕ್ತದೆ, ಅನ್ನ ಮಾತ್ರ ಆಗಲ್ಲ."

ಒಬ್ಬರು ನಕ್ಕರು, ಹಿಂದೆಯೇ ಎಲ್ಲರೂ ನಕ್ಕರು. ತೇಜಸ್ವಿನಿ ಕಣ್ಣು ಒರೆಸಿಕೊಳ್ಳುತ್ತಲೇ ನಕ್ಕಳು. ಅಂಜನಪ್ಪ ನಗಲಿಲ್ಲ. ಅವಳ ಕೈಗೆ ವಿಶಲ್ ವಾಪಸ್ಸು ಕೊಟ್ಟು, "ತಪ್ಪಾಯ್ತು ಕಣವ್ವ, ನಿಮ್ಮಪ್ಪ ಅಂದ್ಕೊಂಡು ಕ್ಷಮಿಸ್ಬುಡು," ಅಂದು ಮುಂದೆ ಬಂದ.

"ನಂಗ್ಯಾಕಣ್ಣ ಹೇಳ್ಲಿಲ್ಲ?"

"ಹೇಳಿದ್ರೆ ಸೀಟು ಹೋಗ್ತಿತ್ತು ಕಣೋ."

"ಹೇಳ್ದಿದ್ರೆ ಜೀವ ಹೋಗ್ತಿತ್ತಲ್ಲಣ್ಣ. ನೀನು ನನ್ನ ನಂಬ್ಲಿಲ್ಲ, ಅದು ಹೇಳು ಮೊದ್ಲು."

ಗಂಗರಾಜು ಬೀಗದ ಕೈಯನ್ನು ಅವನ ಅಂಗೈಯಲ್ಲಿಟ್ಟ. ಮಾಲೀಕ ಶಿವರಾಮಯ್ಯನವರಿಗೆ ಫೋನ್ ಹೋಯಿತು, ಕುಣಿಗಲ್ಲಿನಿಂದ ಬೇರೆ ಡ್ರೈವರ್ ಬೈಕಿನಲ್ಲಿ ಬಂದ. ತನ್ನದೇ ಬಸ್ಸಿನಲ್ಲಿ ಪ್ಯಾಸೆಂಜರಾಗಿ ಕೂತು ಹೋದ ಆ ದಾರಿ ಗಂಗರಾಜುವಿಗೆ ಬಹಳ ಉದ್ದವೆನ್ನಿಸಿತು. ಪುಟ್ಟಗಂಗಮ್ಮ ದಾರಿಯುದ್ದಕ್ಕೂ ರಾಗಿ ಮಿಲ್ಲಿನ ವಿಚಾರ ಹೇಳುತ್ತಿದ್ದಳು.

ಮಾರನೆಯ ದಿನ ಅರುಣಾ ಅವನನ್ನು ತುಮಕೂರಿನ ಕಿವಿ ಡಾಕ್ಟರರ ಮುಂದೆ ಕೂರಿಸಿದಳು. ಸಣ್ಣ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ ಪರೀಕ್ಷೆ ಮಾಡಿದ ಡಾಕ್ಟರಮ್ಮ ಕಾಗದ ನೋಡಿ, "ಕೇಳಿಸೋದು ಚೆನ್ನಾಗೇ ಇದೆ," ಎಂದರು. "ಮೊದಲೇ ಸದ್ದಿದ್ದ ಕಿವಿಗೆ ಡೀಜೆ ಏಟು ಬಿದ್ದಿದೆ, ಅದಕ್ಕೆ ಕೆರಳಿದೆ. ದೊಡ್ಡ ಸದ್ದಿನ ಹತ್ತಿರ ಹೋಗ್ಬೇಡಿ, ಹೋಗಲೇಬೇಕಾದ್ರೆ ಕಿವಿಗೆ ಪ್ಲಗ್ ಹಾಕ್ಕೊಳ್ಳಿ. ಹಾಗಂತ ತೀರಾ ನಿಶ್ಶಬ್ದದಲ್ಲೂ ಕೂರ್ಬೇಡಿ. ಫ್ಯಾನ್, ರೇಡಿಯೋ, ಸಣ್ಣಗೆ ಏನಾದ್ರೂ ಇರಲಿ."

"ಹೊರಟೋಗ್ತದಾ ಮೇಡಂ?"

"ದಿನ ಕಳೀತಾ ಕಮ್ಮಿ ಆಗಬಹುದು. ಪೂರ್ತಿ ಹೋಗುತ್ತೆ ಅಂತ ಮಾತು ಕೊಡಲ್ಲ. ಆ ಸದ್ದು ಬಂದಾಗೆಲ್ಲ ನೆಂಟರು ಬಂದ ಹಾಗೆ ಎದ್ದು ಕುರ್ಚಿ ಕೊಡ್ತಿದೀರಿ ನೀವು. ಅದನ್ನ ಬಿಡಿ, ಅದೂ ಒಂದು ಮೂಲೆ ನೋಡ್ಕೊಳ್ಳುತ್ತೆ."

"ಬಸ್ಸು?" ಅಂತ ಕೇಳುವಾಗ ಅವನ ದನಿ ಕುಗ್ಗಿತ್ತು.

"ಓಡಿಸಿ. ಆದರೆ ವಿಶಲ್ ಬೇಡ, ಬೇರೆ ಏನಾದರೂ ಮಾಡ್ಕೊಳ್ಳಿ."

ಹೊರಗೆ ಬಂದು ಗಂಗರಾಜು ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಕೂತುಬಿಟ್ಟ. ಅರುಣಾ ಪಕ್ಕದಲ್ಲಿ ಕೂತಳು. ಅವನು ನಗುತ್ತಿದ್ದಾನೋ ಅಳುತ್ತಿದ್ದಾನೋ ಅಂತ ಹೋಗಿಬರುವವರು ನೋಡಿದರು. ಅವನಿಗೂ ಗೊತ್ತಿರಲಿಲ್ಲ.

ಡಾಕ್ಟರಮ್ಮ ಬರೆದುಕೊಟ್ಟ ಚೀಟಿ ನೋಡಿ ಶಿವರಾಮಯ್ಯನವರು ಬಸ್ಸಿನ ಬೀಗದ ಕೈ ವಾಪಸ್ಸು ಕೊಟ್ಟರು. ವಿಶಲ್ಲಿನ ಬದಲು ಬೇರೆ ಏನಾದರೂ ಮಾಡುವ ಕೆಲಸವನ್ನು ಅಂಜನಪ್ಪ ತಾನೇ ಮೈಮೇಲೆ ಹಾಕಿಕೊಂಡ. ಮೊದಲು ಬರೀ ಬಾಯಲ್ಲಿ ರೈಟ್ ರೈಟ್ ಅಂದು ನೋಡಿದ, ಬಸ್ಸಿನ ಗಲಾಟೆಯಲ್ಲಿ ಅದು ಅರ್ಧಕ್ಕೇ ಮುಳುಗಿತು. ಕೋಲಿನಿಂದ ಕಂಬಿಗೆ ಬಡಿದ, ಆ ಠಣ್ ಸದ್ದಿಗೆ ಗಂಗರಾಜು ಹೆಗಲು ಕುಗ್ಗಿಸಿದ್ದು ಹಿಂದಿನಿಂದಲೇ ಕಂಡು ಕೋಲನ್ನು ಕಿಟಕಿಯಿಂದ ಆಚೆ ಎಸೆದ. ಕೊನೆಗೆ ಬಾಗಿಲ ಪಕ್ಕದ ತಗಡಿಗೆ ಅಂಗೈಯಿಂದ ಬಾರಿಸಿದ. ಧಬ್. ಅಂಥ ದಪ್ಪ ಸದ್ದು ಗಂಗರಾಜುವಿನ ಕಿವಿಯೊಳಗೆ ಯಾವತ್ತೂ ಇರಲಿಲ್ಲ.

"ಕೇಳ್ತಾ ಅಣ್ಣ?"

"ಕೇಳ್ತು ಕಣೋ."

ಒಂದು ಧಬ್ ಅಂದರೆ ನಿಲ್ಲಿಸು, ಎರಡು ಅಂದರೆ ಹೊರಡು. ಪ್ಯಾಸೆಂಜರುಗಳಿಗೆ ಇದು ಬಹಳ ಹಿಡಿಸಿತು. ಹಿಂದಿನ ಸೀಟಿನವರು ತಾವೂ ಬಡಿಯಲು ಹೋದರೆ ಅಂಜನಪ್ಪ ರೇಗಿದ. "ನನ್ ಕೆಲ್ಸ ನಂಗ್ ಬುಡಿ ಸ್ವಾಮಿ. ಇನ್ನೊಬ್ರ ಕೈ ಬಿದ್ರೆ ಮತ್ತೆ ಅದೇ ಕತೆ." ಗುಬ್ಬಿಯಿಂದ ಕುಣಿಗಲ್ಲಿನವರೆಗೆ ಎಷ್ಟು ಸ್ಟಾಪೋ ಅಷ್ಟಕ್ಕೂ ಅವನೊಬ್ಬನ ಕೈಯೇ. ಗಂಗರಾಜು ಸದ್ದು ಬಂದ ಮೇಲೂ ಒಂದು ಸಲ ಕನ್ನಡಿ ನೋಡಿ, ಒಂದು ಸಲ ಹಿಂದೆ ತಿರುಗಿ ನೋಡಿ, ಆಮೇಲೆ ಕ್ಲಚ್ ಬಿಡುತ್ತಿದ್ದ.

ಆ ವಾರದ ಕೊನೆಯಲ್ಲಿ ಕುಣಿಗಲ್ ಸ್ಟ್ಯಾಂಡಿನಲ್ಲಿ ಇಬ್ಬರೂ ಊಟದ ಡಬ್ಬಿ ಬಿಚ್ಚಿ ಬಸ್ಸಿನ ನೆರಳಿನಲ್ಲಿ ಕೂತರು. ಅಂಜನಪ್ಪ ಡಬ್ಬಿಯನ್ನು ಎಡಗೈಯಲ್ಲಿ ಬಿಚ್ಚಿದ. ಮುದ್ದೆಯನ್ನು ನೋಡುತ್ತ ಕೂತ, ಮುರಿಯಲಿಲ್ಲ.

"ಯಾಕ್ಲಾ, ಉಣ್ಣಲ್ವಾ?"

"ಹಸಿವಿಲ್ಲಣ್ಣ."

"ಕೈ ತೋರ್ಸು."

"ಏನಿಲ್ಲ ಬುಡಣ್ಣ."

ಗಂಗರಾಜು ಅವನ ಬಲಗೈಯನ್ನು ಬೆನ್ನ ಹಿಂದಿನಿಂದ ಎಳೆದು ನೋಡಿದ. ಅಂಗೈ ಕೆಂಪಗೆ ಊದಿಕೊಂಡಿತ್ತು, ಬೆರಳು ಮಡಚಲು ಬರುತ್ತಿರಲಿಲ್ಲ. ಗಂಗರಾಜು ಎದ್ದು ಕಬ್ಬಿನ ಹಾಲಿನ ಅಂಗಡಿಗೆ ಹೋಗಿ ಐಸ್ ತುಂಡು ಕೇಳಿ ತಂದ. ಹೆಗಲ ಟವೆಲಿನಲ್ಲಿ ಸುತ್ತಿ, ಆ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಒತ್ತಿ ಹಿಡಿದ. ಕರಗಿದ ನೀರು ಅವನ ಖಾಕಿ ಪ್ಯಾಂಟನ್ನು ತೋಯಿಸುತ್ತಿತ್ತು.

"ಟೈಮಾಗ್ತಾ ಐತೆ ಕಣಣ್ಣ. ಜನ ಹತ್ತಿ ಕೂತವ್ರೆ," ಎಂದ ಅಂಜನಪ್ಪ.

"ಕೂತಿರ್ಲಿ."

ಗಂಗರಾಜುವಿನ ಕಿವಿಯಲ್ಲಿ ಪಿಯ್, ಪಿಯ್ ಅಂತ ಎರಡು ಸಲ ಊದಿತು. ಅವನು ಏಳಲಿಲ್ಲ. ಐಸನ್ನು ಹೆಬ್ಬೆರಳಿನ ಬುಡಕ್ಕೆ ಸರಿಸಿ, ಎಡಗೈಯಿಂದ ಅಂಜನಪ್ಪನ ಡಬ್ಬಿಯ ಮುಚ್ಚಳವನ್ನು ನೊಣ ಕೂರದಂತೆ ಮುಚ್ಚಿದ.